ಬೀಗಿತ್ತಿಯ ಅಳತೆ ಪುಟ

ನನ್ನ ಅಳತೆ ಪುಸ್ತಕದಲ್ಲಿ ಬೀಗಿತ್ತಿಗೆ ಒಂದು ಪುಟ ಇದೆ. ಎದೆ ಮೂವತ್ತೆಂಟು, ಭುಜ ಹದಿನಾಲ್ಕೂವರೆ, ಕೈ ಉದ್ದ ಒಂಬತ್ತು. ಅದರ ಕೆಳಗಿನ ಖಾಲಿ ಜಾಗದಲ್ಲಿ ಅವರು ಅಂಗಡಿಗೆ ಬಂದ ದಿನ, ಬಂದ ಹೊತ್ತು, ಜೊತೆಗೆ ಯಾರಿದ್ದರು, ಏನು ಹೇಳಿದರು ಎಂಬುದೆಲ್ಲ ನೀಲಿ ಪೆನ್ನಿನಲ್ಲಿ ಬರೆದಿದೆ.

ಹಾಗೆ ಬರೆಯುವುದು ನನಗೆ ಹೊಸದಲ್ಲ. ಬೆಳ್ಳಾರೆಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಯಾರಿಗೆ ಎಡಭುಜ ಸ್ವಲ್ಪ ಇಳಿಜಾರು, ಯಾರು ಯಾರ ಮದುವೆಗೆ ಯಾವ ಬಣ್ಣದ ರವಿಕೆ ಹೊಲಿಸಿದರು, ಆ ದಿನ ಕರೆಂಟು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬಂತು, ಎಲ್ಲ ಅದರಲ್ಲಿದೆ. ಮನೆಯವರು ಗುಂಡ್ಯದ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸದವರು. ವಾರಕ್ಕೊಮ್ಮೆ ಬಂದಾಗ ಪುಸ್ತಕ ತಿರುವಿ ಹಾಕಿ, "ಇದೆಂತ, ಪೊಲೀಸ್ ಸ್ಟೇಷನಿನ ಡೈರಿಯಾ?" ಎಂದು ತಮಾಷೆ ಮಾಡುತ್ತಿದ್ದರು. ಈಗ ಮಾಡುವುದಿಲ್ಲ.

ಇಷ್ಟೆಲ್ಲ ಬರೆಯುವ ನಾನು ಮಗಳ ಪುಟವನ್ನು ಮಾತ್ರ ಸರಿಯಾಗಿ ಓದಲಿಲ್ಲ. ಅವಳು ಮದುವೆಯಾಗಿ ಕೆನಡಾಕ್ಕೆ ಹೋದವಳು. ಅಳಿಯ ಅಲ್ಲಿ ಲಾರಿ ಓಡಿಸುತ್ತಾನೆ, ಇವಳಿಗೆ ಮುದುಕರನ್ನು ನೋಡಿಕೊಳ್ಳುವ ಆಶ್ರಮವೊಂದರಲ್ಲಿ ಕೆಲಸ. ವರ್ಷಕ್ಕೊಮ್ಮೆ ನಾನು ಕುರ್ತಾ ಹೊಲಿದು ಕಳಿಸುತ್ತೇನೆ. ಮೊದಲ ಸಲ ಎಂದಿನಂತೆ ಮೊಣಕೈವರೆಗಿನ ತೋಳು. ಎರಡನೆಯ ಸಲ, "ಅಮ್ಮ, ಪೂರ್ತಿ ಕೈ ಇರಲಿ, ಇಲ್ಲಿ ಚಳಿ" ಎಂದಳು. ಮೂರನೆಯ ಸಲ, ಮಣಿಕಟ್ಟು ದಾಟಿ ಒಂದು ಇಂಚು ಹೆಚ್ಚಿರಲಿ, ಕುತ್ತಿಗೆ ಮುಚ್ಚಿರಲಿ ಎಂದಳು. ನಾನು "ಕೈ ಇಪ್ಪತ್ಮೂರು, ಚಳಿಗೆ" ಎಂದು ಬರೆದುಕೊಂಡೆ, ಹೊಲಿದೆ, ಇಸ್ತ್ರಿ ಹಾಕಿ ಕಳಿಸಿದೆ. ಅವಳು ಹೇಳಿದ್ದು ಆಟಿ ತಿಂಗಳಲ್ಲಿ, ಜುಲೈ ಕೊನೆಗೆ. ಆಗ ಕೆನಡಾದಲ್ಲಿ ಸುಡುವ ಬೇಸಿಗೆ ಎಂಬುದು ನನಗೆ ಗೊತ್ತಿತ್ತು. ಫೋನಿನಲ್ಲಿ ಅವಳೇ ಬೆವರು ಒರೆಸಿಕೊಳ್ಳುತ್ತಾ ಮಾತಾಡುತ್ತಿದ್ದಳು. ಕೇಳಲಿಲ್ಲ. ಬಟ್ಟೆ ಹೊಲಿಯುವವಳು ತೋಳು ಯಾಕೆ ಉದ್ದ ಎಂದು ಕೇಳಲಿಲ್ಲ.

ಅದೇ ವರ್ಷ ಅಲ್ಲಿ ಮಂಜು ಬೀಳುವ ಕಾಲದಲ್ಲಿ ಅಳಿಯ ಅವಳ ಬಲಗೈಯ ಮೇಲೆ ಬಾಗಿಲು ಹಾಕಿದ. ಎರಡು ಎಲುಬು ಮುರಿಯಿತು. ಕೆಳಗಿನ ಮನೆಯವರು ಕೂಗು ಕೇಳಿ ಪೊಲೀಸರನ್ನು ಕರೆದರು. ಮಗಳು ನನಗೆ ಹೇಳಿದ್ದು ಮೂರು ವಾರ ಕಳೆದ ಮೇಲೆ, ಜೊತೆಗೆ ಕೆಲಸ ಮಾಡುವವಳೊಬ್ಬಳ ಕೋಣೆಗೆ ಹೋಗಿ ಸೇರಿದ ಮೇಲೆ.

"ಹೇಳಿದ್ರೆ ನೀನು ಹೆದರ್ತಿ ಅಂತ ಹೇಳ್ಲಿಲ್ಲ ಅಮ್ಮ."

ಹೆದರಲಿಲ್ಲ. ನನ್ನ ಕೈಯಲ್ಲಿ ಕತ್ತರಿ ಇತ್ತು, ಎದುರಿಗೆ ಯಾರದೋ ಲಂಗದ ಬಟ್ಟೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅದನ್ನು ಕೊನೆಯವರೆಗೂ ನೇರವಾಗಿ ಕತ್ತರಿಸಿದೆ. ಆಮೇಲೆ ಸ್ಟೂಲಿನ ಮೇಲೆ ಕೂತೆ. ಇವನನ್ನು ಬಿಡುವುದಿಲ್ಲ ಎಂದು ಅಂದುಕೊಂಡದ್ದು ಆಗ. ಸಿಟ್ಟಿನಲ್ಲಿ ಅಂದುಕೊಂಡದ್ದಲ್ಲ. ನಾಳೆ ಹತ್ತು ಗಂಟೆಗೆ ಗುಂಡಿ ತರಬೇಕು ಎಂದುಕೊಳ್ಳುವ ಹಾಗೆ.

ದಿನವೂ ಸಂಜೆ ಏಳಕ್ಕೆ ಅವಳ ಫೋನು. ಅಲ್ಲಿ ಆಗ ಬೆಳಿಗ್ಗೆ, ಅವಳು ಕೆಲಸಕ್ಕೆ ಹೋಗುವ ಬಸ್ಸಿಗೆ ಕಾಯುವ ಹೊತ್ತು. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ನನಗೆ ಅಲ್ಲಿಯ ಕೇಸಿನ ರೀತಿ ಅರ್ಥವಾಯಿತು. ಕೇಸು ನಡೆಸುವುದು ಇವಳಲ್ಲ, ಸರ್ಕಾರದ ವಕೀಲರು. ಇವಳು ಬೇಡ ಎಂದರೂ ಅವರು ಬಿಡಬೇಕೆಂದಿಲ್ಲ. ಅವನನ್ನು ಜಾಮೀನಿನ ಮೇಲೆ ಬಿಟ್ಟಿದ್ದರು, ಸ್ನೇಹಿತನೊಬ್ಬನ ಮನೆಯಲ್ಲಿ ಇರಬೇಕು. ಇವಳ ಹತ್ತಿರ ಸುಳಿಯಬಾರದು, ಮಾತಾಡಬಾರದು, ಬೇರೆಯವರ ಬಾಯಲ್ಲಿ ಮಾತು ಕಳಿಸಲೂ ಬಾರದು. ಅವನು ವಕೀಲೆಯೊಬ್ಬಳನ್ನು ಹಿಡಿದಿದ್ದ. ಪೊಲೀಸರು ಯಾರ ಮೇಲೆ ಆರೋಪ ಹೊರಿಸಿದ್ದಾರೋ ಅವರ ಪರ ವಾದಿಸುವುದೊಂದೇ ಆ ಕಚೇರಿಯ ಕೆಲಸವಂತೆ. ಅವನು ವಕೀಲೆಗೆ ಹೇಳಿದ್ದು, ಹೆಂಡತಿ ಮಂಜು ಹೆಪ್ಪುಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದಳು, ನಾನು ಮುಟ್ಟಿಯೇ ಇಲ್ಲ ಎಂದು.

"ಒಳಗೆ ನಾವಿಬ್ರೇ ಇದ್ದದ್ದು ಅಮ್ಮ. ಕೆಳಗಿನವರು ಕೂಗು ಕೇಳಿದ್ದು ಮಾತ್ರ, ನೋಡ್ಲಿಲ್ಲ. ನನ್ನ ಮಾತು ನಂಬ್ತಾರಾ?"

ಆ ಪ್ರಶ್ನೆಯನ್ನು ಅವಳು ದಿನವೂ ಕೇಳುತ್ತಿದ್ದಳು, ಬೇರೆ ಬೇರೆ ಮಾತಿನಲ್ಲಿ. ಒಂದು ದಿನ ಹೇಳಿದಳು, "ಕೋರ್ಟಿನಲ್ಲಿ ನಮ್ಮಂಥವರಿಗೆ ಸಹಾಯ ಮಾಡುವ ಒಬ್ರು ಇದ್ದಾರೆ. ಅವನ ಪರವಾಗಿ ಯಾರಾದ್ರೂ ಬಂದ್ರೆ ದಿನ, ಹೊತ್ತು, ಹೇಳಿದ್ದು ಎಂತ, ಎಲ್ಲ ಬರೆದಿಡ್ಬೇಕಂತೆ. ನಿನಗೂ ಹೇಳ್ಲಿಕ್ಕೆ ಹೇಳಿದ್ರು."

"ಬರೆದಿಡುದಾ? ಅದೊಂದು ನನಗೆ ಗೊತ್ತುಂಟು" ಎಂದೆ. ಎಷ್ಟೋ ದಿನಗಳ ನಂತರ ಇಬ್ಬರೂ ನಕ್ಕೆವು.

ಮೊದಲು ಬಂದದ್ದು ಬೀಗಿತ್ತಿ ಒಬ್ಬರೇ. ಮಂಗಳವಾರ, ಹನ್ನೊಂದೂ ಹತ್ತು. ಕಡಬದ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಚೀಲದಲ್ಲಿ ಪಲ್ಯಕ್ಕೆಂದು ಎರಡು ಜೀಗುಜ್ಜೆ ಕಾಯಿ, ಪೇಪರಿನಲ್ಲಿ ಸುತ್ತಿದ ಗಿಳಿಹಸಿರು ರವಿಕೆ ಕಣ. ಮನೆತನದಲ್ಲಿ ಒಂದು ಮದುವೆ ಉಂಟು, ನಿಮ್ಮ ಕೈಯದ್ದೇ ಆಗಬೇಕು ಎಂದರು. ನಾನು ಟೇಪು ತೆಗೆದುಕೊಂಡೆ.

"ದಪ್ಪ ಆಗಿದ್ದೇನಾ?"

"ಇಲ್ಲ. ಒಂದು ಇಂಚು ಇಳಿದಿದ್ದೀರಿ."

"ಇಳಿಯದೆ ಎಂತ ಮಾರಾಯ್ರೆ. ಊಟ ಸೇರುದಿಲ್ಲ, ಕಣ್ಣು ಮುಚ್ಚುದಿಲ್ಲ. ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರ್ತದೆ, ಹೋಗ್ತದೆ. ಅದಕ್ಕೆ ಪೊಲೀಸಾ?"

"ಪೊಲೀಸ್ ಕರೆದದ್ದು ಕೆಳಗಿನ ಮನೆಯವರು."

"ಅವರಿಗೆ ಬೇರೆ ಕೆಲಸ ಇಲ್ಲ."

ಟೇಪು ಆಗ ಅವರ ಎದೆಯ ಸುತ್ತ ಇತ್ತು. ಸ್ವಲ್ಪ ಬಿಗಿ ಹಿಡಿದೆ. "ಉಸಿರು ಬಿಡಿ" ಎಂದೆ. ಬಿಟ್ಟರು. ಮೂವತ್ತೇಳು ಎಂದು ಬರೆದು, ಅದರ ಕೆಳಗೆ ಅವರು ಹೇಳಿದ್ದನ್ನೂ ಬರೆದೆ. ಅಳತೆ ಬರೆಯುತ್ತಿದ್ದೇನೆ ಎಂದುಕೊಂಡು ಅವರು ಕಾದು ನಿಂತರು.

ಎಂಟು ದಿನ ಬಿಟ್ಟು ಮತ್ತೆ ಬಂದರು, ಈ ಸಲ ತಮ್ಮನ ಜೊತೆ. ಅಳಿಯನ ಈ ಸೋದರಮಾವ ಕುಂಬ್ರದವರು. ಬೇಲಿಯ ಜಗಳ, ದಾರಿಯ ಜಗಳ, ಬಿಟ್ಟು ಹೋದ ಹೆಂಡತಿ, ಎಲ್ಲದಕ್ಕೂ ಕೂತು ಮಾತಾಡಿ ಮುಗಿಸುವವರು ಎಂದು ಆ ಕಡೆಯಲ್ಲಿ ಹೆಸರು. ಬಿಳಿ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ನಮ್ಮೊಳಗಿನ ಮಾತೆಲ್ಲ ಅರೆಭಾಷೆಯಲ್ಲಿ, ಎರಡೂ ಮನೆಯ ಮನೆಮಾತು ಅದೇ. ಮಳೆ, ಮದುವೆ, ಮೊಣಕಾಲು ನೋವಿನವರೆಗೆ ಅರೆಭಾಷೆಯಲ್ಲೇ ಇದ್ದವರು ಫೈಲು ತೆರೆದದ್ದೇ ಕನ್ನಡಕ್ಕೆ ಹಾರಿದರು.

"ನೋಡು ತಂಗಿ, ವಿಷಯವನ್ನು ಬೆಳೆಸುದು ಬೇಡ. ಇದಕ್ಕೊಂದು ಸಹಿ ಹಾಕು."

ಸ್ಟಾಂಪು ಕಾಗದ. ಅಂಚಿಗೆಲ್ಲ ಬಳ್ಳಿ, ಒಳ್ಳೆ ದಪ್ಪ. ನನ್ನ ಮಗಳು ಮಂಜಿನ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡಿದ್ದು, ಸಿಟ್ಟಿನ ಭರದಲ್ಲಿ ಗಂಡನ ಮೇಲೆ ದೂರು ಹೇಳಿದ್ದು, ಈಗ ಎರಡೂ ಮನೆಯ ಹಿರಿಯರು ಕೂತು ಮಾತಾಡಿ ರಾಜಿಯಾಗಿದ್ದು, ಆದ್ದರಿಂದ ಕೆನಡಾದ ಮಾನ್ಯ ನ್ಯಾಯಾಲಯವು ಕೇಸನ್ನು ಮುಕ್ತಾಯಗೊಳಿಸಬೇಕು ಎಂದು ಟೈಪು ಮಾಡಿಸಿದ್ದರು. ಕೆಳಗೆ "ತಾಯಿಯ ಸಹಿ" ಎಂದು ಗೆರೆ.

"ನಾನು ಇಲ್ಲಿ ಸಹಿ ಹಾಕಿದ್ರೆ ಅಲ್ಲಿ ಕೇಸು ನಿಲ್ತದಾ?"

"ಹೆತ್ತ ತಾಯಿ ಸಹಿ ಹಾಕಿದ ಮೇಲೆ ನಿಲ್ಲದೆ ಎಂತ? ನೋಟರಿ ಹತ್ರ ನಾನು ಮಾತಾಡಿದ್ದೇನೆ. ಇಂಗ್ಲಿಷಿಗೆ ಮಾಡಿಸಿ ಕಳಿಸುದು, ಅಷ್ಟೇ. ನಾವೇನು ಸುಮ್ಮನೆ ಬಂದವರಲ್ಲ, ಅಲ್ಲಿಯ ದೊಡ್ಡ ವಕೀಲೆಯ ಕಾಗದವೇ ಉಂಟು, ನೋಡು."

ಫೈಲಿನಿಂದ ಪ್ರಿಂಟು ಮಾಡಿಸಿದ ಒಂದು ಹಾಳೆ ತೆಗೆದರು. ಆ ವಕೀಲೆ ಇವರ ಮನೆಗೆ ಬರೆದದ್ದು. ನನ್ನ ಇಂಗ್ಲಿಷು ಗುಂಡಿಯ ಡಬ್ಬಿಯ ಮೇಲೆ ಬರೆದದ್ದನ್ನು ಓದುವಷ್ಟು. ಪಕ್ಕದ ಫ್ಯಾನ್ಸಿ ಅಂಗಡಿಯ ಬ್ಯಾರಿಗಳನ್ನು ಕರೆಯಲಾ ಎಂದೆ. ಊರಿನ ಮುಸ್ಲಿಂ ವ್ಯಾಪಾರಿ, ಹನ್ನೊಂದು ವರ್ಷ ದುಬೈಯಲ್ಲಿದ್ದು ಬಂದವರು, ನನಗೆ ನೂಲು ಗುಂಡಿ ಎಲ್ಲ ಅವರಲ್ಲಿಂದಲೇ. "ಕರಿ, ಕರಿ. ಓದಿಸು. ಎಲ್ಲರ ಎದುರೇ ಆಗಲಿ" ಎಂದರು ಮಾವ.

ಬ್ಯಾರಿಗಳು ಬಾಗಿಲಲ್ಲೇ ನಿಂತು ಕನ್ನಡಕ ಏರಿಸಿ ಒಮ್ಮೆ ಪೂರ್ತಿ ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಇದನ್ನು ನೀವೇ ತಂದದ್ದಾ ಮಾರಾಯ್ರೆ?"

"ಹೌದು. ಯಾಕೆ?"

"ಅಲ್ಲ, ಇವರು ಹೇಳುದು ಎಂತ ಅಂದ್ರೆ, ಆ ಹುಡುಗಿ ಹತ್ರ ಆಗಲಿ, ಹುಡುಗಿಯ ಮನೆಯವರ ಹತ್ರ ಆಗಲಿ, ಈ ಕೇಸಿನ ಬಗ್ಗೆ ಒಂದಕ್ಷರ ಮಾತಾಡ್ಬೇಡಿ. ರಾಜಿ ಗೀಜಿ ಅಂತ ಯಾರನ್ನೂ ಕಳಿಸ್ಬೇಡಿ. ಕಳಿಸಿದ್ರೆ ನಿಮ್ಮ ಮಗನ ಜಾಮೀನು ಹೋಗ್ತದೆ, ಮತ್ತೆ ನಾನು ಏನೂ ಮಾಡ್ಲಿಕ್ಕಾಗುದಿಲ್ಲ ಅಂತ. ಮೂರು ಸಲ ಬರೆದಿದ್ದಾರೆ, ಒಂದು ಸಲ ದಪ್ಪ ಅಕ್ಷರದಲ್ಲಿ."

ಮಾವ ನಕ್ಕುಬಿಟ್ಟರು. ನಿಜವಾಗಿಯೂ ನಗು ಬಂದು ನಕ್ಕದ್ದು.

"ನಿಮಗೆ ವಕೀಲರ ವಿಷಯ ಗೊತ್ತಿಲ್ಲ ಬ್ಯಾರಿಗಳೇ. ಅವರು ಹಾಗೆ ಬರೀಲೇ ಬೇಕು. ಅದು ಫೈಲಿಗೆ. ನಾನು ಎಷ್ಟು ಕೇಸು ನೋಡಿಲ್ಲ? ಕಾಗದದಲ್ಲಿ ಒಂದು, ಹೊರಗೆ ಚಾ ಕುಡಿಯುವಾಗ ಒಂದು. ಆ ಹೆಂಗಸು ನಮಗೆ ಹೇಳಿದ ಅರ್ಥ, ನೀವು ಮುಗಿಸಿಕೊಳ್ಳಿ, ನನ್ನ ಹೆಸರು ಬೇಡ ಅಂತ."

ಬ್ಯಾರಿಗಳು ಹಾಳೆಯನ್ನು ಮೆಷಿನಿನ ಮೇಲೆ ಮೆಲ್ಲಗೆ ಇಟ್ಟು, "ಅಕ್ಕ, ಅರ್ಥ ಆಗದ ಕಾಗದಕ್ಕೆ ಸಹಿ ಹಾಕ್ಬೇಡಿ. ಅರ್ಥ ಆದದ್ದಕ್ಕೂ ಯೋಚಿಸಿ ಹಾಕಿ" ಎಂದು, ಪೇಟೆಯಲ್ಲಿ ಕೇಳಿ ಕೇಳಿ ನನಗೂ ಅರ್ಥವಾಗುವ ತಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿ ಹೋದರು.

ಆ ವಕೀಲೆಯನ್ನು ನಾನು ಕಂಡವಳಲ್ಲ. ಆದರೂ ಅವಳ ಮೇಲೆ ನನಗೆ ಮರುಕ ಬಂತು, ಕಸುಬಿನವಳಿಗೆ ಕಸುಬಿನವಳ ಮೇಲೆ ಬರುವಂಥದ್ದು. ಎಷ್ಟು ಅಚ್ಚುಕಟ್ಟಾಗಿ ಹೊಲಿದು ಕೊಟ್ಟಿದ್ದಳು! ಗಿರಾಕಿಗಳು ಅದನ್ನು ತಲೆಕೆಳಗು ತೊಟ್ಟುಕೊಂಡು ಬೆಳ್ಳಾರೆ ಪೇಟೆಗೆ ಬಂದು ನಿಂತಿದ್ದರು.

ನಾನು ಪೆನ್ನು ಮುಟ್ಟದೆ ಇದ್ದದ್ದು ನೋಡಿ ಬೀಗಿತ್ತಿ ಫೋನು ತೆಗೆದರು. "ಅವನ ಮಾತು ಒಮ್ಮೆ ಕೇಳಿ. ನಿಮಗೇ ಅಂತ ಕಳಿಸಿದ್ದು. ಮಗಳಿಗೆ ಮುಟ್ಟಿಸ್ಬೇಕಂತೆ."

ಅಳಿಯನ ಧ್ವನಿ. ಅರೆಭಾಷೆಯಲ್ಲಿ, ತಗ್ಗಿದ ಸ್ವರದಲ್ಲಿ, ನಡುವೆ ಮೂಗು ಎಳೆದುಕೊಳ್ಳುತ್ತಾ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಅತ್ತೆ, ಅವಳಿಗೆ ಮುಟ್ಟಿಸಿ. ಬಾಗಿಲ ಸಂದಿನಲ್ಲಿ ಅವಳ ಕೈ ಉಂಟಂತ ನನಗೆ ಕಂಡಿತ್ತು. ಸಿಟ್ಟಿತ್ತು, ನೂಕಿದೆ. ಒಂದು ಗಳಿಗೆಯದ್ದು ಅದು. ಅದಕ್ಕೆ ನನ್ನ ಇಡೀ ಜೀವನ ಹಾಳು ಮಾಡುದಾ? ಮೆಟ್ಟಿಲಲ್ಲಿ ಬಿದ್ದೆ ಅಂತ ಹೇಳ್ಲಿ, ಸಾಕು. ನಾನೂ ಹಾಗೇ ಹೇಳಿದ್ದೇನೆ. ಹೇಳದಿದ್ರೆ ಅವಳೂ ಒಂದು ದಿನ ಊರಿಗೆ ಬರ್ಲೇ ಬೇಕಲ್ಲ, ಆಗ ನೋಡುವ."

ಬೀಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಎಷ್ಟು ಬೇಜಾರು ಮಾಡ್ಕೊಂಡಿದ್ದಾನೆ ನೋಡಿ" ಎಂದರು. ಮಾವ ತಲೆಯಾಡಿಸಿದರು. ಅವರಿಬ್ಬರಿಗೂ ಕೇಳಿಸಿದ್ದು ಮೂಗು ಎಳೆದ ಸದ್ದು ಮಾತ್ರ. ನನಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಮೇಜಿನ ಮೇಲೆ ಕಾಗದ ಮೆಟ್ಟಿಲು ಎನ್ನುತ್ತಿತ್ತು, ಫೋನು ಬಾಗಿಲು ಎನ್ನುತ್ತಿತ್ತು, ಎರಡನ್ನೂ ಅವರೇ ಹೊತ್ತು ತಂದಿದ್ದರು. ನಂಬ್ತಾರಾ ಅಮ್ಮ ಎಂದು ನನ್ನ ಮಗಳು ದಿನವೂ ಕೇಳುತ್ತಿದ್ದುದಕ್ಕೆ ಉತ್ತರ ಬೀಗಿತ್ತಿಯ ಅಂಗೈಯಲ್ಲಿತ್ತು.

"ಮೆಷಿನಿನ ಸದ್ದಿಗೆ ನನಗೆ ಕಿವಿ ಸ್ವಲ್ಪ ಮಂದ" ಎಂದೆ. "ನನ್ನ ಫೋನಿಗೆ ಕಳಿಸಿ. ನಿಧಾನಕ್ಕೆ ಕೇಳ್ತೇನೆ. ಕಾಗದವೂ ಇಲ್ಲೇ ಇರಲಿ, ಮನೆಯವರ ಹತ್ರ ಒಂದು ಮಾತು ಕೇಳ್ಬೇಕು."

ನನ್ನ ಕಿವಿಗೆ ಏನೂ ಆಗಿಲ್ಲ. ಬಾಬಿನ್‌ನಲ್ಲಿ ನೂಲು ಮುಗಿಯುತ್ತಾ ಬಂದದ್ದು ನನಗೆ ಸದ್ದಿನಲ್ಲೇ ತಿಳಿಯುತ್ತದೆ.

"ಕೇಳ್ಬೇಕಾದ್ದೇ. ಗಂಡನನ್ನು ಕೇಳದೆ ಹೇಗೆ?" ಎಂದರು ಮಾವ, ಸಂತೋಷದಿಂದ. ಬೀಗಿತ್ತಿಗೆ ಹೇಗೆ ಕಳಿಸುವುದೆಂದು ಗೊತ್ತಿರಲಿಲ್ಲ. ಮಾವನೇ ಒತ್ತಿ ಕಳಿಸಿಕೊಟ್ಟರು. ನನ್ನ ಫೋನು ಟಿಣ್ ಎಂದಿತು. ಚಾ ತರಿಸಿದೆ, ಗೋಳಿಬಜೆ ತರಿಸಿದೆ. ಮಾವ ಎರಡು ಪ್ಲೇಟು ತಿಂದರು. ಅವರು ಪುತ್ತೂರು ಬಸ್ಸು ಹತ್ತಿದ ಮೇಲೆ ಬೀಗಿತ್ತಿಯ ಪುಟ ತೆರೆದು ಎಲ್ಲ ಬರೆದೆ. ಬಂದದ್ದು ಹತ್ತೂ ಐವತ್ತು, ಹೋದದ್ದು ಹನ್ನೆರಡೂ ಕಾಲು. ಗೋಳಿಬಜೆಯನ್ನೂ ಬರೆದೆ.

ಸಂಜೆ ಏಳಕ್ಕೆ ಮಗಳಿಗೆ ಎಲ್ಲ ಹೇಳಿದೆ.

"ಅತ್ತೆ ನನಗೆ ಕೆಟ್ಟದ್ದು ಮಾಡ್ಲಿಲ್ಲ ಅಮ್ಮ. ಅವರಿಗೆ ಇರುದು ಒಬ್ಬನೇ ಮಗ."

"ನನಗೆ ಇರುದೂ ಒಬ್ಬಳೇ."

"ಅವನನ್ನು ಪುನಃ ಒಳಗೆ ಹಾಕ್ತಾರೆ."

"ಹಾಕ್ಲಿ. ನೀನು ಕೇಳುದು ಬೇಡ ಅದನ್ನು. ಕೇಳಿದ್ರೆ ಆ ಧ್ವನಿ ನಿನಗೆ ಪಾಪ ಅನ್ನಿಸ್ತದೆ. ನಾನು ಕಳಿಸುದಾ ಬೇಡವಾ, ಅದು ಮಾತ್ರ ಹೇಳು. ಬೇಡ ಅಂದ್ರೆ ಈಗಲೇ ಅಳಿಸ್ತೇನೆ."

ಅಳಿಸುತ್ತಿರಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಅವಳ ಬಸ್ಸು ಬಂದು ನಿಂತ ಸದ್ದು, ಬಾಗಿಲು ಉಸ್ಸೆಂದು ತೆರೆದ ಸದ್ದು ಕೇಳಿತು. ಹತ್ತುತ್ತಾ, "ಬಾಗಿಲಲ್ಲಿ ಕೈ ಉಂಟಂತ ಅವನಿಗೆ ಕಂಡಿತ್ತಂತ ಹೇಳಿದ್ನಾ?" ಎಂದು ಕೇಳಿದಳು.

"ಹೇಳಿದ್ದಾನೆ."

"ಕಳಿಸು."

ಕೇಸು ನೋಡಿಕೊಳ್ಳುವ ಪೊಲೀಸಿನವರ ವಿಳಾಸ ಅವಳೇ ಕೊಟ್ಟಳು. ಮರುದಿನ ಬ್ಯಾರಿಗಳು ನನ್ನ ಪುಸ್ತಕದ ಆ ಪುಟ, ಸ್ಟಾಂಪು ಕಾಗದ, ಎಲ್ಲದರ ಫೋಟೋ ತೆಗೆದು, ಧ್ವನಿಯನ್ನೂ ಸೇರಿಸಿ ಸಿದ್ಧ ಮಾಡಿದರು. ಬೆರಳು ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ಅಕ್ಕ, ಒಮ್ಮೆ ಹೋದ್ರೆ ವಾಪಸು ತೆಗೀಲಿಕ್ಕಾಗುದಿಲ್ಲ."

"ದಿನಾ ಬಟ್ಟೆ ಕತ್ತರಿಸುವವಳಿಗೆ ಅದನ್ನು ಹೇಳ್ತೀರಾ? ಒತ್ತಿ."

ನಾಲ್ಕನೆಯ ದಿನ ಅವನನ್ನು ಹಿಡಿದರು. ಅಷ್ಟು ದೂರದ ಊರಿನಲ್ಲಿ ಅರೆಭಾಷೆ ಯಾರಿಗೆ ತಿಳಿದೀತು ಎಂದು ಅವನು ಎಣಿಸಿದ್ದಿರಬೇಕು. ಅರೆಭಾಷೆ ಬಲ್ಲ ಮಡಿಕೇರಿ ಕಡೆಯ ಒಬ್ಬ ಹೆಂಗಸು ಅಲ್ಲಿಯೇ ಇದ್ದರಂತೆ. ಸಾಲು ಸಾಲಾಗಿ ಇಂಗ್ಲಿಷಿಗೆ ಮಾಡಿಕೊಟ್ಟರಂತೆ. ಜಾಮೀನು ರದ್ದಾಯಿತು. ಅವನ ವಕೀಲೆ, ಇನ್ನು ಮೆಟ್ಟಿಲಿನ ಕಥೆಯನ್ನು ನಾನು ಕೋರ್ಟಿನಲ್ಲಿ ಹೇಳಲಾರೆ, ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಡಿಮೆ ಮಾಡಲು ಕೇಳಬಲ್ಲೆ ಎಂದಳಂತೆ. ಒಪ್ಪಿಕೊಂಡ. ಮಗಳು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಬೇಕಾಗಲಿಲ್ಲ, ಅವಳನ್ನು ನಂಬುತ್ತೀರಾ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಅವನಿಗೆ ಕೆಲವು ತಿಂಗಳು ಜೈಲಾಯಿತು. ಹೊರಬಂದ ಮೇಲೂ ಅವಳ ಹತ್ತಿರ ಸುಳಿಯುವ ಹಾಗಿಲ್ಲ.

ಸುದ್ದಿ ಬಂದ ದಿನ ನನಗೆ ಖುಷಿಯಾಯಿತು. ಅದಕ್ಕೆ ಬೇರೆ ಹೆಸರು ಇಡುವುದಿಲ್ಲ. ಆ ದಿನ ನಾಲ್ಕು ರವಿಕೆಗಳಿಗೆ ಹುಕ್ಕು ಹಾಕಿದೆ, ಒಂದೂ ಓರೆಯಾಗಲಿಲ್ಲ. ಸಹಿ ಹಾಕದ ಸ್ಟಾಂಪು ಕಾಗದ ಮೇಜಿನ ಒಳಗೆ ಹಾಗೆಯೇ ಇತ್ತು. ಬೆರಳಲ್ಲಿ ತಿಕ್ಕಿ ನೋಡಿದೆ. ದೋಣಿಯಾಕಾರದ ಕುತ್ತಿಗೆ ಕತ್ತರಿಸುವ ಅಚ್ಚಿಗೆ ನಾನು ಬಳಸುವ ನ್ಯೂಸ್ ಪೇಪರು ನಾಲ್ಕು ಸಲಕ್ಕೆ ಹರಿಯುತ್ತದೆ. ಇದು ವರ್ಷಗಟ್ಟಲೆ ಬಾಳಿಕೆ ಬರುವ ಕಾಗದ. ಮಡಿಸಿ, ಸೀಮೆಸುಣ್ಣದ ಗುರುತು ಹಾಕಿ, "ಕಾಲು ಜಾರಿ ಬಿದ್ದು" ಎಂಬ ಸಾಲಿನ ಮೇಲೆಯೇ ಕತ್ತರಿ ಆಡಿಸಿದೆ. ಅಂಚಿನ ಬಳ್ಳಿ ಭುಜದ ಕಡೆಗೆ ಬಂತು. ಗೋಡೆಯ ಮೊಳೆಗೆ ತೂಗು ಹಾಕಿದೆ.

ಗಿಳಿಹಸಿರು ರವಿಕೆಯನ್ನೂ ಹೊಲಿದು ಮುಗಿಸಿದ್ದೆ. ಸಿಟ್ಟು ಇದ್ದಲ್ಲಿ ಇರಲಿ, ಹೊಲಿಗೆಯಲ್ಲಿ ತೋರಿಸುವವಳಲ್ಲ ನಾನು. ಬೀಗಿತ್ತಿ ಅದನ್ನು ಕೊಂಡುಹೋಗಲು ಬಂದದ್ದು ಶುಕ್ರವಾರ, ಹನ್ನೊಂದೂ ಇಪ್ಪತ್ತು. ಒಬ್ಬರೇ. ಚೀಲ ಖಾಲಿ.

"ಮೋಸ ಮಾಡಿದಿ" ಎಂದರು, ನಿಂತಲ್ಲಿಂದಲೇ. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು.

"ಎಂತ ಮೋಸ? ಮಗಳ ಕಡೆಗೆ ಮುಟ್ಟಿಸ್ಲಿಕ್ಕೆ ಕೊಟ್ಟದ್ದು ನೀವು. ಮುಟ್ಟಿಸಿದೆ."

"ನನ್ನ ಮಗ ಜೈಲಿನಲ್ಲಿ ಕೂತಿದ್ದಾನೆ. ನಿನಗೆ ಊಟ ಸೇರ್ತದಾ?"

"ಸೇರ್ತದೆ. ಈಗ ಸೇರ್ತದೆ. ರವಿಕೆ ಹಾಕಿ ನೋಡಿ."

ಹಾಕಿಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಪರದೆಯ ಹಿಂದೆ ಹೋದರು, ಹಾಕಿಕೊಂಡರು. ಹಿಂದಿನ ಹುಕ್ಕು ಸಿಗದೆ ಒದ್ದಾಡುತ್ತಿದ್ದರು, ನಾನೇ ಹೋಗಿ ಹಾಕಿದೆ. ಅಳತೆಯಲ್ಲಿ ಬರೆದದ್ದಕ್ಕಿಂತ ಅರ್ಧ ಇಂಚು ಕಡಿಮೆ ಮಾಡಿ ಹೊಲಿದಿದ್ದೆ, ಇನ್ನೂ ಇಳಿದಿರುತ್ತಾರೆ ಎಂದು ಲೆಕ್ಕ ಹಾಕಿ. ಸರಿಯಾಗಿ ಕೂತಿತು. ಬೆನ್ನಿನ ರೆಕ್ಕೆಯ ಎಲುಬು ಎರಡೂ ಎದ್ದು ಕಾಣುತ್ತಿದ್ದವು. ಬೆರಳು ಅಲ್ಲಿ ಒಂದು ಕ್ಷಣ ನಿಂತಿತು. ಎಲ್ಲವನ್ನೂ ಬರೆದಿಡುವವಳು ಅದನ್ನು ಮಾತ್ರ ಪುಸ್ತಕದಲ್ಲಿ ಬರೆಯಲಿಲ್ಲ.

ಹೊರಬರುವಾಗ ಅವರ ಕಣ್ಣು ಗೋಡೆಯ ಮೊಳೆಯ ಮೇಲೆ ಬಿತ್ತು. ಕನ್ನಡ ಓದಲು ಬರುತ್ತದೆ ಅವರಿಗೆ. "ತಾಯಿಯ ಸಹಿ" ಎಂಬುದು ಅರ್ಧ ಉಳಿದಿತ್ತು, ಅದರ ಕೆಳಗಿನ ಖಾಲಿ ಗೆರೆಯೂ.

"ಅದು…"

"ಹೌದು, ಅದೇ. ದಪ್ಪ ಕಾಗದ, ಒಳ್ಳೆ ನಿಲ್ತದೆ. ನಿಮ್ಮ ತಮ್ಮನಿಗೆ ಹೇಳಿ."

ರವಿಕೆಯನ್ನು ಬದಲಾಯಿಸದೆ, ಮೇಲೆ ಸೆರಗು ಹೊದ್ದುಕೊಂಡು ಹಾಗೆಯೇ ಹೊರಟರು. ನಿಲ್ದಾಣದ ಕಡೆಗೆ ತಿರುಗುವವರೆಗೂ ಗಿಳಿಹಸಿರು ಕಾಣುತ್ತಿತ್ತು. ಹಳೆ ರವಿಕೆ ಪರದೆಯ ಹಿಂದೆ ಉಳಿದಿತ್ತು. ಮಡಿಸಿ ತೆಗೆದಿಟ್ಟಿದ್ದೇನೆ, ಕೇಳಿದರೆ ಕೊಡುತ್ತೇನೆ.

ಕೆಲಸ ಮುಗಿಸಿ ಕೊಟ್ಟ ಮೇಲೆ ಆ ಗಿರಾಕಿಯ ಅಳತೆಗೆ ಓರೆ ಗೆರೆ ಎಳೆಯುವುದು ನನ್ನ ಪದ್ಧತಿ. ಬೀಗಿತ್ತಿಯ ಪುಟಕ್ಕೆ ಇನ್ನೂ ಎಳೆದಿಲ್ಲ. ಅವನನ್ನು ಬಿಡುವ ದಿನ ಯಾವುದೆಂದು ಮಗಳಿಗೆ ಜೈಲಿನ ಕಚೇರಿಯವರು ಮೊದಲೇ ತಿಳಿಸಿದ್ದಾರೆ. ಆ ದಿನವನ್ನು ಅದೇ ಪುಟದಲ್ಲಿ, ಕೈ ಉದ್ದ ಒಂಬತ್ತು ಎಂಬುದರ ನೇರಕ್ಕೆ, ಬರೆದಿಟ್ಟಿದ್ದೇನೆ. ಅವನೂ ಒಂದು ದಿನ ಊರಿಗೆ ಬರಲೇ ಬೇಕಲ್ಲ.